ಸಹಿ ಹಾಳೆಯ ಮೇಲೆ ಏನು ಬರೆದಿತ್ತು?

ನಮ್ಮಲ್ಲಿ ಸಾರ್ವಜನಿಕ ಅರ್ಜಿ ಅಂದರೆ ಎರಡು ಭಾಗ. ಮುಂದೆ ಒಂದೋ ಎರಡೋ ಪುಟದ ಪತ್ರ, ಅದರ ಹಿಂದೆ ಸಹಿಗಳ ಹಾಳೆ. ಪತ್ರವನ್ನು ಒಬ್ಬರು ಕೂತು ಬರೆಯುತ್ತಾರೆ. ಹಾಳೆ ಮಾತ್ರ ಮನೆಮನೆ ಸುತ್ತುತ್ತದೆ. ಎಷ್ಟೋ ಸಲ ಸಹಿ ಹಾಕುವವರ ಕೈಗೆ ಪತ್ರ ಬರುವುದೇ ಇಲ್ಲ. ಇದು ಎಷ್ಟು ದೊಡ್ಡ ತೊಂದರೆ ಮಾಡಬಹುದು ಅನ್ನುವುದು ನನಗೆ ಗೊತ್ತಾಗಿದ್ದು ಬೆಂಗಳೂರಿನ ಕತ್ರಿಗುಪ್ಪೆ ಕಡೆಯ ನಮ್ಮ ಕ್ರಾಸಿನಲ್ಲಿ ಸೊಪ್ಪು ಮಾರುವ ಅಕ್ಕ, ತನ್ನನ್ನೇ ಅಲ್ಲಿಂದ ಎಬ್ಬಿಸಿ ಎಂದು ಕೇಳಿದ ಅರ್ಜಿಗೆ ತಾನೇ ಸಹಿ ಹಾಕಿದಾಗ.

ನಮ್ಮ ಕ್ರಾಸಿನ ಫುಟ್‌ಪಾತ್ ಕೆಟ್ಟು ವರ್ಷಗಳಾಗಿವೆ. ಮೋರಿ ಮೇಲಿನ ಚಪ್ಪಡಿಗಳು ಅಲ್ಲಲ್ಲಿ ಬಾಯಿ ಬಿಟ್ಟಿವೆ. ಮಳೆ ಬಂದರೆ ಎಲ್ಲಿ ಕಾಲಿಡಬೇಕು ಅಂತ ಗೊತ್ತಾಗುವುದಿಲ್ಲ. ಆದ್ದರಿಂದ ನಿವಾಸಿಗಳ ಸಂಘದ ಇಬ್ಬರು "ಫುಟ್‌ಪಾತ್ ರಿಪೇರಿಗೆ ಅರ್ಜಿ ಕೊಡ್ತಿದ್ದೀವಿ, ಒಂದು ಸೈನ್ ಹಾಕಿ" ಅಂತ ಬಂದಾಗ ಎಲ್ಲರೂ ಖುಷಿಯಾಗಿ ಹಾಕಿದರು. ನಮ್ಮ ಅತ್ತೆ ಹಾಕಿದರು. ಇಸ್ತ್ರಿ ಅಂಗಡಿಯವರು ಹಾಕಿದರು. ಸಂಜೆ ಹೊತ್ತು ತಳ್ಳುಗಾಡಿ ನಿಲ್ಲಿಸಿಕೊಳ್ಳುವ ಸೊಪ್ಪಿನ ಅಕ್ಕನೂ ಹಾಕಿದಳು. ಅವಳಿಗೂ ಫುಟ್‌ಪಾತ್ ಬೇಕು ತಾನೇ? ದಿನವೂ ಆ ಚಪ್ಪಡಿಗಳ ಮೇಲೆ ಹೆಚ್ಚು ಹೊತ್ತು ನಿಲ್ಲುವವಳು ಅವಳೇ.

ಕೆಲವು ವಾರಗಳ ನಂತರ ಪಾಲಿಕೆ ಕಚೇರಿಯಿಂದ ಬಂದವರು ಗಾಡಿಗಳನ್ನು ತೆಗೆಯಿರಿ ಅಂದರು. ಯಾಕೆ ಅಂತ ಕೇಳಿದ್ದಕ್ಕೆ, ನಿಮ್ಮ ರಸ್ತೆಯವರೇ ಅರ್ಜಿ ಕೊಟ್ಟಿದ್ದಾರೆ, ಸಹಿ ಇದೆ ಅಂದರಂತೆ. ಅಕ್ಕ ನೇರ ನಮ್ಮ ಮನೆಗೆ ಬಂದಳು. "ಅಮ್ಮಾ, ನಿಮ್ಮ ಅತ್ತೆಯೋರೂ ಸೈನ್ ಹಾಕಿದ್ದಾರಂತೆ, ಹೌದಾ?" ಅಂತ ಕೇಳಿದಳು. ಅತ್ತೆ ಒಳಗಿಂದ ಬಂದು, "ನಾನು ಹಾಕಿದ್ದು ಫುಟ್‌ಪಾತಿಗೆ ಕಣಮ್ಮ" ಅಂದರು. "ನಾನೂ ಅದಕ್ಕೇ ಹಾಕಿದ್ದು" ಅಂದಳು ಅಕ್ಕ.

ನಾನು ವಿಮಾ ಏಜೆಂಟ್. ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಜನರಿಂದ ಸಹಿ ತೆಗೆದುಕೊಳ್ಳುವುದೇ ನನ್ನ ಕೆಲಸ. ಪುಟ ಮುಂದಿಟ್ಟರೆ ಹತ್ತರಲ್ಲಿ ಎಂಟು ಜನ ಮೊದಲು ಕೇಳುವುದು "ಎಲ್ಲಿ ಹಾಕ್ಬೇಕು?" ಅಂತ. "ಏನಿದೆ ಇದರಲ್ಲಿ?" ಅಂತ ಅಲ್ಲ. ಅದು ಅವರ ದಡ್ಡತನ ಅಲ್ಲ. ಮುಂದೆ ಕೂತವರ ಮೇಲಿನ ನಂಬಿಕೆ. ಆ ನಂಬಿಕೆಯನ್ನು ಕಾಯುವುದಕ್ಕೆ ವಿಮೆಯಲ್ಲಿ ಕಟ್ಟುಪಾಡುಗಳಿವೆ. ಪಾಲಿಸಿ ಕೈಗೆ ಬಂದ ಮೇಲೂ ಓದಿ ನೋಡಿ, ಬೇಡ ಅನ್ನಿಸಿದರೆ ಹಿಂದಿರುಗಿಸಲು ಕಾಲಾವಕಾಶ ಇದೆ. ಸಾರ್ವಜನಿಕ ಅರ್ಜಿಗೆ ಅಂಥದ್ದು ಏನಿದೆ ಅಂತ ಹುಡುಕಲು ಹೊರಟೆ. ಪಾಲಿಕೆ ಕಚೇರಿಯಲ್ಲಿ ಯಾರೂ ನನಗೆ ಅಂಥ ಒಂದು ನಿಯಮ ತೋರಿಸಲಿಲ್ಲ.

ಮೊದಲು ಮಾಡಿದ್ದು ಸಹಿ ವಾಪಸ್ ಪಡೆಯುವ ಪ್ರಯತ್ನ. ಅತ್ತೆ, ಅಕ್ಕ, ಇಸ್ತ್ರಿ ಅಂಗಡಿಯವರು, ಇನ್ನೂ ಕೆಲವರು ಸೇರಿ ಒಂದು ಪತ್ರ ಬರೆದರು. "ನಾವು ಫುಟ್‌ಪಾತ್ ದುರಸ್ತಿಗೆ ಮಾತ್ರ ಸಹಿ ಹಾಕಿದ್ದೇವೆ, ಗಾಡಿಗಳ ವಿಷಯಕ್ಕೆ ನಮ್ಮ ಸಹಿ ಪರಿಗಣಿಸಬೇಡಿ" ಅಂತ. ಕಚೇರಿಯ ಟಪಾಲು ವಿಭಾಗದವರು ಪತ್ರ ತೆಗೆದುಕೊಂಡರು. ಆದರೆ ಅದನ್ನು ಏನು ಮಾಡಬೇಕು ಅಂತ ಅವರಿಗೂ ತಿಳಿಯಲಿಲ್ಲ, ಮೇಲಿನವರಿಗೂ ತಿಳಿಯಲಿಲ್ಲ. ಒಬ್ಬ ಅಧಿಕಾರಿ ಪ್ರಾಮಾಣಿಕವಾಗಿಯೇ ಹೇಳಿದರು. "ಮೇಡಂ, ಸಹಿ ಹಾಕೋರನ್ನ ನೋಡಿದ್ದೀನಿ. ಸಹಿ ಬೇಡ ಅಂತ ಬಂದೋರು ನೀವೇ ಮೊದಲು." ಮೂಲ ಅರ್ಜಿ ತೋರಿಸಿ ಅಂದರೆ ಆಗಲ್ಲ ಅಂದರು. ಹಾಗಾಗಿ ಮಾಹಿತಿ ಹಕ್ಕಿನ ದಾರಿ ಹಿಡಿಯಬೇಕಾಯಿತು.

ಇಲ್ಲಿ ಒಂದು ವಿಷಯ ನನ್ನ ಗಮನ ಸೆಳೆಯಿತು. ಮಾಹಿತಿ ಹಕ್ಕು ಕಾಯ್ದೆ 2005ರದ್ದು. ಅರ್ಜಿ ಶುಲ್ಕ 10 ರೂಪಾಯಿ, ಉತ್ತರ ಕೊಡಲು 30 ದಿನ. ಆದರೆ ಕರ್ನಾಟಕದ ನಿಯಮಗಳಲ್ಲಿ 2008ರಲ್ಲಿ ಒಂದು ತಿದ್ದುಪಡಿ ಬಂತು. ಅದರ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಇದರ ಮೇಲೆ ಬಹಳ ಜನಕ್ಕೆ ಸಿಟ್ಟಿದೆ. ಮಾಹಿತಿ ಕೇಳುವವರ ಕೈ ಕಟ್ಟಿದ ಹಾಗೆ ಅನ್ನುತ್ತಾರೆ, ಆ ಮಾತಿನಲ್ಲಿ ಸತ್ಯ ಇದೆ. ಒಬ್ಬಳೇ ಕೂತು ಪ್ರಶ್ನೆ ಕೇಳುವವಳು ಎರಡು ವಿಷಯ ಕೇಳಿದರೆ ಯಾರಿಗೂ ಮೋಸ ಆಗುವುದಿಲ್ಲ. ನೂರಾರು ಜನರ ಸಹಿ ಹೊತ್ತು ಹೋಗುವ ಅರ್ಜಿಯ ಕಥೆ ಬೇರೆ. ಅಲ್ಲಿ ಎರಡು ವಿಷಯ ಕೂಡಿಸಿದರೆ ಒಂದಕ್ಕೆ ಹಾಕಿದ ಸಹಿ ಇನ್ನೊಂದಕ್ಕೂ ಸೇರಿಬಿಡುತ್ತದೆ. ಒಂದೇ ವಿಷಯ ಅನ್ನುವ ಕಟ್ಟು ನಿಜವಾಗಿ ಬೇಕಾಗಿದ್ದು ಅಲ್ಲಿ.

ನಕಲು ಬಂತು. ಪುಟಕ್ಕೆ 2 ರೂಪಾಯಿಯಂತೆ ಕಟ್ಟಿ ತಂದೆ. ಮೊದಲ ಪುಟದಲ್ಲಿ ಫುಟ್‌ಪಾತ್, ಚಪ್ಪಡಿ, ಮೋರಿ, ಎಲ್ಲ ಸರಿಯಾಗಿಯೇ ಇತ್ತು. ಎರಡನೇ ಪುಟದ ಕೊನೆಗೆ ಒಂದು ಸಾಲು. "ಅಲ್ಲದೆ ಸದರಿ ರಸ್ತೆಯಲ್ಲಿನ ಅನಧಿಕೃತ ಗಾಡಿಗಳನ್ನು ಖಾಯಂ ಆಗಿ ತೆರವುಗೊಳಿಸಬೇಕೆಂದು ಸಮಸ್ತ ನಿವಾಸಿಗಳು ಕೋರುತ್ತೇವೆ." ಆಮೇಲೆ ಸಹಿ ಹಾಳೆಗಳು. ಫೋನ್ ನಂಬರುಗಳಿಗೆ ಕಚೇರಿಯವರು ಕಪ್ಪು ಬಳಿದಿದ್ದರು, ಅದು ಸರಿ. ಆದರೆ ಹಾಳೆಯ ನೆತ್ತಿಯ ಮೇಲೆ ಏನೂ ಇರಲಿಲ್ಲ. ಕ್ರಮಸಂಖ್ಯೆ, ಹೆಸರು, ಮನೆ ನಂಬರ್, ಫೋನ್, ಸಹಿ, ಇಷ್ಟೇ. ವಿಷಯ ಇಲ್ಲ. ತಾರೀಖು ಇಲ್ಲ. ಯಾರು ಸಹಿ ಸಂಗ್ರಹ ಮಾಡಿದರು ಅಂತಲೂ ಇಲ್ಲ. ಆ ಹಾಳೆಗಳನ್ನು ಯಾವ ಪತ್ರದ ಹಿಂದೆ ಬೇಕಾದರೂ ಪಿನ್ ಮಾಡಬಹುದಿತ್ತು.

ಸಂಘದವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರನ್ನು ಕೇಳಿದಾಗ, "ಎರಡೂ ಸೇರಿದ್ರೆ ತಾನೇ ಫುಟ್‌ಪಾತ್ ಸರಿ ಹೋಗೋದು" ಅಂದರು. ಅವರ ಲೆಕ್ಕದಲ್ಲಿ ಅದು ಒಂದೇ ವಿಷಯ. ಅದಕ್ಕೇ ನಿಯಮ ಬೇಕು ಅನ್ನುವುದು. ಒಳ್ಳೆಯ ಮನಸ್ಸು ಇದ್ದವರಿಗೂ ತಾವು ಬರೆದ ವಾಕ್ಯದ ಇನ್ನೊಂದು ಬದಿ ಕಾಣುವುದಿಲ್ಲ.

ಬೇರೆ ಕಡೆ ಇದನ್ನು ಹೇಗೆ ನಡೆಸುತ್ತಾರೆ ಅಂತ ಓದಲು ಶುರು ಮಾಡಿದೆ. ಸ್ವಿಟ್ಜರ್ಲೆಂಡಿನಲ್ಲಿ ಜನರೇ ಸಂವಿಧಾನದ ತಿದ್ದುಪಡಿ ಕೇಳಬಹುದು. ಅದಕ್ಕೆ 18 ತಿಂಗಳಲ್ಲಿ 1 ಲಕ್ಷ ಸಹಿ ಬೇಕು, ವಿಷಯ ಒಂದೇ ಇರಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಜನರು ತರುವ ಪ್ರಸ್ತಾವದಲ್ಲಿ ಒಂದಕ್ಕಿಂತ ಹೆಚ್ಚು ವಿಷಯ ಇದ್ದರೆ ಅದನ್ನು ಮತಕ್ಕೆ ಹಾಕುವಂತಿಲ್ಲ. ಆ ರಾಜ್ಯ ಮಟ್ಟದ ಪ್ರಸ್ತಾವಗಳ ಶೀರ್ಷಿಕೆ, ಸಾರಾಂಶ ಬರೆಯುವುದು ಅದನ್ನು ತಂದವರಲ್ಲ, ರಾಜ್ಯದ ಅಟಾರ್ನಿ ಜನರಲ್. ಸಾರಾಂಶ 100 ಪದ ದಾಟಬಾರದು. ಸಹಿ ಹಾಕುವವರ ಕಣ್ಣಿಗೆ ಅದು ಕಾಣುವ ಹಾಗೆ ಇರಲೇಬೇಕು. ಸಹಿ ಹಾಕಿದ ಮೇಲೆ ಮನಸ್ಸು ಬದಲಾದರೆ, ಅರ್ಜಿ ಸಲ್ಲಿಕೆ ಆಗುವ ದಿನಕ್ಕೆ ಮುಂಚೆ ಬರೆದುಕೊಟ್ಟು ಸಹಿ ಹಿಂದೆ ಪಡೆಯಬಹುದು. ಅದನ್ನು ಓದಿದಾಗ ನಮ್ಮ ಟಪಾಲು ಕೌಂಟರ್ ನೆನಪಾಗಿ ಬೇಜಾರಾಯಿತು. ಅಕ್ಕ ಕೇಳಿದ್ದು ಏನೂ ವಿಚಿತ್ರವಾದದ್ದಲ್ಲ. ಬೇರೆ ಊರಿನಲ್ಲಿ ಅದು ಬರೆದಿಟ್ಟ ಹಕ್ಕು.

ನಮ್ಮ ವಾರ್ಡಿನ ಎಂಜಿನಿಯರ್ ಒಂದು ಮಾತು ಹೇಳಿದರು. ಒಂದು ಅರ್ಜಿ ಬೇಕು ಅನ್ನುತ್ತದೆ, ಇನ್ನೊಂದು ಬೇಡ ಅನ್ನುತ್ತದೆ, ನಾವು ಯಾವುದನ್ನು ನಂಬಬೇಕು ಅಂತ. ನ್ಯಾಯವಾದ ಪ್ರಶ್ನೆಯೇ. ಕೇಳಲು ಕಾರ್ಪೊರೇಟರ್ ಇರಲಿಲ್ಲ. ಬಿಬಿಎಂಪಿ ಕೌನ್ಸಿಲಿನ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರಿನಲ್ಲಿ. ಆಮೇಲೆ ವಾರ್ಡುಗಳ ಸಂಖ್ಯೆ 198ರಿಂದ 243 ಆಯಿತು, 225 ಆಯಿತು, 2025ರಲ್ಲಿ ಒಂದು ಪಾಲಿಕೆ ಹೋಗಿ ಐದು ಪಾಲಿಕೆ ಬಂದವು. ನಾವು ಈ ಕೆಲಸಕ್ಕೆ ಓಡಾಡುವಾಗ ಯಾವ ವಾರ್ಡಿನಲ್ಲೂ ಜನ ಆರಿಸಿದ ಸದಸ್ಯರಿರಲಿಲ್ಲ. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಊರಿನಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನವೇ ಹೇಳುತ್ತದೆ, 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗಿನಿಂದ. ಆದರೆ ಸಮಿತಿಗೆ ಬರುವ ಅರ್ಜಿಯನ್ನು ಹೇಗೆ ಬರೆಯಬೇಕು, ಹೇಗೆ ಪರೀಕ್ಷಿಸಬೇಕು ಅನ್ನುವ ಸಣ್ಣ ಸಂಗತಿಯನ್ನು ನಾವು ಯಾರೂ ಗಂಭೀರವಾಗಿ ತೆಗೆದುಕೊಂಡಿಲ್ಲ.

ಕೊನೆಗೆ ನಾವೇ ರಸ್ತೆಯವರ ಅಭಿಪ್ರಾಯ ಕೇಳೋಣ ಅಂತ ತೀರ್ಮಾನವಾಯಿತು. ಗಣಪತಿ ದೇವಸ್ಥಾನದ ಹಿಂದಿನ ಹಾಲ್‌ನಲ್ಲಿ ಸೇರಿದೆವು. ಸಂಘದವರೂ ಬಂದರು, ಗಾಡಿಯವರೂ ಬಂದರು. ಚೀಟಿ ಕೊಟ್ಟು, ಡಬ್ಬಕ್ಕೆ ಹಾಕಿಸಿ, ಎಲ್ಲರ ಎದುರು ಎಣಿಸುವುದು. ಇಷ್ಟಕ್ಕೆ ಎಲ್ಲರೂ ತಕ್ಷಣ ಒಪ್ಪಿದರು. ಜಗಳ ಶುರುವಾಗಿದ್ದು ಚೀಟಿಯ ಮೇಲೆ ಏನು ಬರೆಯಬೇಕು ಅನ್ನುವುದಕ್ಕೆ.

ಸಂಘದವರು ಬರೆದುಕೊಂಡು ಬಂದಿದ್ದರು. "ಸಾರ್ವಜನಿಕರ ಓಡಾಟಕ್ಕೆ ತೊಂದರೆ ಕೊಡುತ್ತಿರುವ ಅನಧಿಕೃತ ಗಾಡಿಗಳನ್ನು ತೆರವುಗೊಳಿಸಲು ನಿಮ್ಮ ಒಪ್ಪಿಗೆ ಇದೆಯೇ?" ಗಾಡಿಯವರ ಪರವಾಗಿ ಒಬ್ಬ ಕಾಲೇಜು ಹುಡುಗ ಇನ್ನೊಂದು ಬರೆದಿದ್ದ. "ಬಡ ವ್ಯಾಪಾರಿಗಳ ಹೊಟ್ಟೆಯ ಮೇಲೆ ಹೊಡೆಯುವುದು ಸರಿಯೇ?" ಮೊದಲನೆಯದಕ್ಕೆ ಯಾರು ಇಲ್ಲ ಅನ್ನುತ್ತಾರೆ? ಎರಡನೆಯದಕ್ಕೆ ಯಾರು ಹೌದು ಅನ್ನುತ್ತಾರೆ? ಒಂದೇ ರಸ್ತೆ, ಅದೇ ಜನ, ಅದೇ ಗಾಡಿಗಳು. ಚೀಟಿ ಯಾರ ಕೈಯಲ್ಲಿ ಅಚ್ಚಾಗುತ್ತದೋ ಅವರ ಕಡೆ ಫಲಿತಾಂಶ. ಎರಡನ್ನೂ ಒಟ್ಟಿಗೆ ಗಟ್ಟಿಯಾಗಿ ಓದಿಸಿದೆ. ಹಾಲ್‌ನಲ್ಲಿದ್ದವರಿಗೆ ಅದಕ್ಕಿಂತ ಹೆಚ್ಚು ವಿವರಣೆ ಬೇಕಾಗಲಿಲ್ಲ.

ಮೂರನೆಯವರೊಬ್ಬರು ರಾಜಿ ಮಾಡಲು ಹೋಗಿ, "ಗಾಡಿಗಳನ್ನು ತೆಗೆಯಬಾರದು ಎಂಬುದನ್ನು ನೀವು ಒಪ್ಪುವುದಿಲ್ಲವೇ?" ಅಂತ ಬರೆದರು. ಇದಕ್ಕೆ ಹೌದು ಅಂದರೆ ಏನರ್ಥ? ಅತ್ತೆಯನ್ನು ಕೇಳಿದೆ. "ಹೌದು, ಒಪ್ಪಲ್ಲ" ಅಂದರು. ಪಕ್ಕದ ಮನೆಯವರು, "ಹೌದು, ಒಪ್ತೀನಿ" ಅಂದರು. ಇಬ್ಬರೂ ಹೌದಿಗೇ ಗುರುತು ಹಾಕುವವರು. ಬೇಕಾದ್ದು ಮಾತ್ರ ಬೇರೆ ಬೇರೆ. ಕನ್ನಡದಲ್ಲಿ ಇಲ್ಲ ಅನ್ನುವ ಪ್ರಶ್ನೆಗೆ ಹೌದು ಅನ್ನುವ ಉತ್ತರ ಎರಡು ಕಡೆಗೂ ಹೋಗುತ್ತದೆ. ಬಾಯಲ್ಲಿ ಮಾತಾಡುವಾಗ ದನಿಯಲ್ಲಿ ಗೊತ್ತಾಗುತ್ತದೆ, ಚೀಟಿಯಲ್ಲಿ ದನಿ ಇರುವುದಿಲ್ಲ.

ಆಗ ನಮ್ಮ ನಿವೃತ್ತ ಮೇಷ್ಟ್ರು ಸ್ಕಾಟ್‌ಲೆಂಡಿನ ವಿಷಯ ತೆಗೆದರು. 2014ರಲ್ಲಿ ಅಲ್ಲಿ ಸ್ವತಂತ್ರ ದೇಶ ಆಗಬೇಕೋ ಬೇಡವೋ ಅಂತ ಮತ ಹಾಕಿದರು. ಅಲ್ಲಿನ ಸರ್ಕಾರ ಮೊದಲು ಬರೆದ ಪ್ರಶ್ನೆ, ಸ್ಕಾಟ್‌ಲೆಂಡ್ ಸ್ವತಂತ್ರ ದೇಶ ಆಗಬೇಕು ಅನ್ನುವುದನ್ನು ನೀವು ಒಪ್ಪುತ್ತೀರಾ ಅಂತ. ಚುನಾವಣಾ ಆಯೋಗ ಅದನ್ನು ಜನರ ಮೇಲೆ ಪರೀಕ್ಷೆ ಮಾಡಿ ನೋಡಿತು. ಒಪ್ಪುತ್ತೀರಾ ಅನ್ನುವುದೇ ಹೌದಿನ ಕಡೆಗೆ ತಳ್ಳುತ್ತದೆ ಅಂತ ಹೇಳಿ, ಸ್ಕಾಟ್‌ಲೆಂಡ್ ಸ್ವತಂತ್ರ ದೇಶ ಆಗಬೇಕೇ ಅಂತ ಮಾತ್ರ ಕೇಳಿ ಅಂದಿತು. ಸರ್ಕಾರ ಒಪ್ಪಿಕೊಂಡಿತು. 2016ರಲ್ಲಿ ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕೇ ಅಂತ ಕೇಳುವಾಗ ಹೌದು, ಇಲ್ಲ ಅನ್ನುವುದನ್ನೇ ಬಿಟ್ಟರು. ಇರಬೇಕು, ಬಿಡಬೇಕು ಅಂತ ಎರಡು ಉತ್ತರ ಇಟ್ಟರು.

ಇಂಥದ್ದು ಹೊರದೇಶದಲ್ಲಿ ಮಾತ್ರ ಅಂತಲ್ಲ. 1967ರ ಜನವರಿ 16ರಂದು ಗೋವಾದಲ್ಲಿ ಜನಮತ ನಡೆಯಿತು. ಮಹಾರಾಷ್ಟ್ರಕ್ಕೆ ಸೇರಬೇಕೇ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಬೇಕೇ ಅಂತ. ಸೇರುವುದಕ್ಕೆ ಹೂವು, ಉಳಿಯುವುದಕ್ಕೆ ಎರಡು ಎಲೆ ಗುರುತು. 34,021 ಮತಗಳ ಅಂತರದಲ್ಲಿ ಎರಡು ಎಲೆ ಗೆದ್ದಿತು. ಮಧ್ಯಪ್ರದೇಶದಲ್ಲಿ ಊರಿನ ಪಾಲಿಕೆಯ ಅಧ್ಯಕ್ಷರನ್ನು ವಾಪಸ್ ಕರೆಸುವ ಮತದಾನದಲ್ಲಿ ಖಾಲಿ ಕುರ್ಚಿ, ತುಂಬಿದ ಕುರ್ಚಿ ಅನ್ನುವ ಎರಡು ಗುರುತು ಇಟ್ಟಿದ್ದರು. ಓದು ಬಾರದವರಿಗೂ ಅರ್ಥವಾಗುತ್ತದೆ, ಹೌದು ಇಲ್ಲದ ಗೊಂದಲವೂ ಇಲ್ಲ. ನಮ್ಮ ಚೀಟಿಯಲ್ಲೂ ಹೌದು, ಇಲ್ಲ ಬೇಡ, ಗುರುತುಗಳೇ ಇರಲಿ ಅಂತ ಆವತ್ತು ನಿರ್ಧಾರವಾಯಿತು.

ಗುರುತು ಯಾವುದು ಅಂತ ಮತ್ತೆ ಚರ್ಚೆ. ಆ ಕಾಲೇಜು ಹುಡುಗ ಒಳ್ಳೆಯ ಚಿತ್ರ ಬರೆಯುತ್ತಾನೆ. ಒಂದು ಕಡೆ ಬುಟ್ಟಿ ಹಿಡಿದು ನಗುವ ಹೆಂಗಸು, ಇನ್ನೊಂದು ಕಡೆ ಖಾಲಿ ರಸ್ತೆ ಬರೆದ. ಚಿತ್ರ ಚೆನ್ನಾಗಿತ್ತು, ಅದೇ ಅದರ ತೊಂದರೆ. ಚಿತ್ರವೇ ಪ್ರಚಾರ ಮಾಡುತ್ತಿತ್ತು. ಕೊನೆಗೆ ವಿಷಯಕ್ಕೆ ಸಂಬಂಧವೇ ಇಲ್ಲದ ಕೊಡೆ, ಬೀಗದ ಕೈ ಇಟ್ಟೆವು. ಯಾವುದು ಮೇಲೆ, ಯಾವುದು ಕೆಳಗೆ? ಅರ್ಧ ಚೀಟಿಗಳಲ್ಲಿ ಕೊಡೆ ಮೇಲೆ, ಉಳಿದ ಅರ್ಧದಲ್ಲಿ ಬೀಗದ ಕೈ ಮೇಲೆ ಅಚ್ಚು ಮಾಡಿಸಿದೆವು. ಇದು ಅತಿಯಾಯಿತು ಅಂದವರಿದ್ದರು. ಎಲೆಕ್ಷನ್ನಿನಲ್ಲಿ ಪಟ್ಟಿಯ ಮೊದಲ ಜಾಗಕ್ಕೆ ಎಷ್ಟು ಆಸೆ ಪಡುತ್ತಾರೆ ಅಂತ ನೋಡಿದವರಿಗೆ ಅತಿ ಅನ್ನಿಸುವುದಿಲ್ಲ.

ಇದೆಲ್ಲಕ್ಕಿಂತ ಮುಖ್ಯವಾದ ಮಾತು ಮೇಷ್ಟ್ರು ಕೊನೆಗೆ ಎತ್ತಿದರು. "ಅವರು ಇಲ್ಲಿ ಇರಬೇಕೋ ಬೇಡವೋ ಅಂತ ಕೇಳೋ ಹಕ್ಕು ನಮಗೆ ಇದೆಯಾ?" ಅಂತ. ಬೀದಿ ವ್ಯಾಪಾರಿಗಳ ಕಾಯ್ದೆ ಬಂದಿದ್ದು 2014ರಲ್ಲಿ. ಅದರ ಪ್ರಕಾರ ವ್ಯಾಪಾರಿಗಳ ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಬೇರೆ ಕಡೆಗೆ ಕಳಿಸಬೇಕಾದರೆ 30 ದಿನದ ನೋಟಿಸ್ ಕೊಡಬೇಕು. ಎಲ್ಲಿ ವ್ಯಾಪಾರ ಮಾಡಬಹುದು ಅನ್ನುವ ವಿಷಯದಲ್ಲಿ ಪಟ್ಟಣ ವ್ಯಾಪಾರ ಸಮಿತಿಯ ಮಾತು ಕೇಳಬೇಕು. ಆ ಸಮಿತಿಯಲ್ಲಿ ಕನಿಷ್ಠ ಶೇ. 40 ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಅಂದ ಮೇಲೆ ನಮ್ಮ ಡಬ್ಬದಲ್ಲಿ ಎಷ್ಟು ಚೀಟಿ ಬಿದ್ದರೂ ಅಕ್ಕನ ಹಕ್ಕು ಹೋಗುವುದಿಲ್ಲ. ಹೋಗುತ್ತದೆ ಅನ್ನುವ ಹಾಗೆ ಪ್ರಶ್ನೆ ಬರೆದರೆ ಅದು ಸುಳ್ಳು ಪ್ರಶ್ನೆ. ನನಗೆ ಈ ಮಾತು ತುಂಬಾ ತಟ್ಟಿತು. ಪ್ರಶ್ನೆ ಸ್ಪಷ್ಟವಾಗಿದ್ದರೆ ಸಾಲದು. ಕೇಳಬಹುದಾದ ಪ್ರಶ್ನೆಯೂ ಆಗಿರಬೇಕು. ಒಬ್ಬರ ಅನ್ನವನ್ನು ಅಕ್ಕಪಕ್ಕದವರ ಮತಕ್ಕೆ ಹಾಕುವುದು ಪ್ರಜಾಪ್ರಭುತ್ವ ಅಲ್ಲ.

ಹಾಗಾಗಿ ಪ್ರಶ್ನೆಯೇ ಬದಲಾಯಿತು. ಗಾಡಿಗಳು ಎಲ್ಲಿ ನಿಂತರೆ ಎಲ್ಲರಿಗೂ ಅನುಕೂಲ ಅಂತ ಸಮಿತಿಗೆ ಸಲಹೆ ಕೊಡುವುದು, ಅಷ್ಟೇ. ಒಂದು, ಈಗಿರುವ ಕ್ರಾಸಿನಲ್ಲೇ, ರಸ್ತೆಯ ಒಂದೇ ಪಕ್ಕ, ಗೆರೆ ಹಾಕಿದ ಜಾಗದೊಳಗೆ. ಎರಡು, ಹಾಲಿನ ಬೂತ್ ಇರುವ ರಸ್ತೆಯಲ್ಲಿ. ಎರಡೂ ಬೇಡ ಅನ್ನುವವರು ಬೇರೆ ಸಲಹೆ ಬರೆಯಲು ಕೆಳಗೆ ಎರಡು ಗೆರೆ ಜಾಗ. ಹಾಲಿನ ಬೂತಿನ ರಸ್ತೆ ಆಗಬಹುದೇ ಅಂತ ಮೊದಲು ಗಾಡಿಯವರನ್ನೇ ಕೇಳಿ, ಅವರು ಹೂಂ ಅಂದ ಮೇಲೆ ಸೇರಿಸಿದ್ದು. ಫುಟ್‌ಪಾತಿನ ವಿಷಯಕ್ಕೆ ಬೇರೆ ಅರ್ಜಿ, ಬೇರೆ ಹಾಳೆ.

ಅಚ್ಚಿಗೆ ಕೊಡುವ ಮುಂಚೆ ಚೀಟಿಯನ್ನು ಕೆಲವರಿಗೆ ಓದಲು ಕೊಟ್ಟೆ. "ಅರ್ಥ ಆಯ್ತಾ?" ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಆಯ್ತು ಅನ್ನುತ್ತಾರೆ. "ಇದರಲ್ಲಿ ಏನು ಕೇಳ್ತಿದ್ದಾರೆ, ನಿಮ್ಮ ಮಾತಲ್ಲಿ ಹೇಳಿ" ಅಂದೆ. ಆಗ ಗೊತ್ತಾಯಿತು. ಮೊದಲು "ಪಾರ್ಕಿನ ಹಿಂಬದಿ ರಸ್ತೆ" ಅಂತ ಬರೆದಿದ್ದೆವು. ಆಚೆ ಕಡೆ ಮನೆಯವರಿಗೆ ಹಿಂಬದಿ ಅಂದರೆ ನಮ್ಮ ಮುಂಬದಿ! ಅದಕ್ಕೇ ಹಾಲಿನ ಬೂತಿನ ಗುರುತು ಬಂದಿದ್ದು. "ತೆರವು" ಅನ್ನುವುದನ್ನು ಎದುರು ಮನೆ ಅಜ್ಜಿ ರಸ್ತೆ ತೆರೆಯುವುದು ಅಂದುಕೊಂಡರು. "ಸ್ಥಳಾಂತರ", "ವ್ಯಾಪಾರ ವಲಯ" ಎರಡೂ ಹೋದವು. ಗಾರೆ ಕೆಲಸದವರ ಮನೆಯಲ್ಲಿ ತೆಲುಗು, ಮಹಡಿ ಮನೆ ಹುಡುಗರಲ್ಲಿ ಕನ್ನಡ ಮಾತಾಡುವವರು ಇದ್ದರೂ ಓದಲು ಬಾರದು. ಅಂಥವರಿಗೆ ಬಾಯಲ್ಲಿ ಹೇಳುವಾಗಲೂ ಒಂದೇ ವಾಕ್ಯ ಹೇಳಬೇಕು, ಬೇರೆ ಏನೂ ಸೇರಿಸಬಾರದು ಅಂತ ಬರೆದಿಟ್ಟುಕೊಂಡೆವು. ಮನೆಗೆ ಇಬ್ಬರಂತೆ ಹೋಗುವುದು, ಒಬ್ಬರು ಸಂಘದ ಕಡೆಯವರು, ಒಬ್ಬರು ಗಾಡಿಯವರ ಕಡೆಯವರು.

ಯಾರಿಗೆ ಚೀಟಿ ಕೊಡಬೇಕು ಅನ್ನುವುದಕ್ಕೂ ಗಲಾಟೆ ಆಯಿತು. ಮನೆಗೊಂದು ಅಂದರು ಕೆಲವರು. ಮನೆಗೊಂದು ಅಂದರೆ ನಮ್ಮಲ್ಲಿ ಗಂಡಸರಿಗೆ ಅಂತಲೇ ಅರ್ಥ. ಸೊಪ್ಪು ತರುವವರು ಯಾರು? "ಬಾಡಿಗೆಯವರು ಇವತ್ತು ಇರ್ತಾರೆ, ನಾಳೆ ಹೋಗ್ತಾರೆ" ಅಂದರು ಒಬ್ಬ ಮಾಲೀಕರು. ಚಪ್ಪಡಿ ಒಡೆದು ಬೀಳುವಾಗ ಯಾರು ಮಾಲೀಕರು ಅಂತ ಮೋರಿ ಕೇಳುವುದಿಲ್ಲ ಅಂತ ಅತ್ತೆ ಉತ್ತರ ಕೊಟ್ಟರು. ರಸ್ತೆಯಲ್ಲಿ ವಾಸ ಇರುವ, 18 ದಾಟಿದ ಪ್ರತಿಯೊಬ್ಬರಿಗೂ ಒಂದು ಚೀಟಿ ಅಂತ ಆಯಿತು. ಗಾಡಿಯವರು ಬೇರೆ ಕಡೆ ವಾಸ ಇದ್ದರೂ ಅವರಿಗೂ ಕೊಡಬೇಕು ಅಂತ ನಾನು ಹಟ ಮಾಡಿದೆ. 2013ರಲ್ಲಿ ಒಡಿಶಾದ ನಿಯಮಗಿರಿಯಲ್ಲಿ ಗಣಿ ವಿಷಯ ಬಂದಾಗ ಸುಪ್ರೀಂ ಕೋರ್ಟ್ ಗ್ರಾಮಸಭೆಗಳನ್ನು ಕೇಳಿ ಅಂದಿತು. ಬೆಟ್ಟದ ಮೇಲಿನ 12 ಹಳ್ಳಿಗಳ ಸಭೆಗಳೂ ಬೇಡ ಅಂದವು. ಯಾರ ಬದುಕು ಅಲ್ಲಾಡುತ್ತದೋ ಅವರನ್ನು ಮೊದಲು ಕೇಳಿದ್ದು ಅದರ ದೊಡ್ಡತನ. ನಮ್ಮಲ್ಲಿ ನನ್ನ ಹಟ ಪೂರ್ತಿ ಗೆಲ್ಲಲಿಲ್ಲ. ಗಾಡಿಯವರ ಚೀಟಿಗಳನ್ನು ಬೇರೆ ಡಬ್ಬಕ್ಕೆ ಹಾಕಿ, ಬೇರೆ ಎಣಿಸಿ, ಎರಡು ಲೆಕ್ಕವನ್ನೂ ಅಕ್ಕಪಕ್ಕ ಬರೆದು ಕೊಡುವುದು ಅಂತ ಒಪ್ಪಂದ ಆಯಿತು. ಈಗ ಯೋಚಿಸಿದರೆ ಅದೇ ಸರಿ ಅನ್ನಿಸುತ್ತದೆ. ಎರಡೂ ಮಾತು ಕಚೇರಿಗೆ ಬೇರೆ ಬೇರೆಯಾಗಿ ಕೇಳಿಸಿತು.

ಭಾನುವಾರ ಚೀಟಿ ಹಾಕಿಸಿ, ಸಂಜೆ ದೇವಸ್ಥಾನದ ಹಾಲ್‌ನಲ್ಲೇ ಎಣಿಸಿದೆವು. ಹೆಚ್ಚಿನವರು ಈಗಿರುವ ಕ್ರಾಸಿನಲ್ಲೇ, ಗೆರೆಯೊಳಗೆ ಅಂದರು. ಗಾಡಿಯವರ ಡಬ್ಬದಲ್ಲೂ ಅದೇ. ಸೋತ ಕಡೆಯವರು ಎಣಿಕೆಯ ಹಾಳೆಗೆ ಗೊಣಗದೆ ಸಹಿ ಹಾಕಿದರು. ಪ್ರಶ್ನೆಯನ್ನು ಅವರೂ ಕೂತು ಬರೆದಿದ್ದರು, ಹಾಗಾಗಿ ಅದರಲ್ಲಿ ಮೋಸ ಇದೆ ಅನ್ನಲು ಅವರಿಗೆ ಏನೂ ಉಳಿದಿರಲಿಲ್ಲ.

ಎರಡು ಅರ್ಜಿ ಸಲ್ಲಿಸಿದೆವು. ಒಂದು ಫುಟ್‌ಪಾತಿಗೆ, ಇನ್ನೊಂದು ಗಾಡಿಗಳ ಜಾಗಕ್ಕೆ. ಟಪಾಲಿನಲ್ಲಿ ನಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡೆ. ಯಾರೇ ಅರ್ಜಿ ಕೊಟ್ಟರೂ ಇದಿಲ್ಲದೆ ಬರಬೇಡಿ, ನಾಳೆ ಬನ್ನಿ ಅಂದರೂ ಕೂತುಕೊಳ್ಳಿ. ಗಾಡಿ ತೆಗೆಯಿರಿ ಅಂತ ಬರುತ್ತಿದ್ದವರು ಬರುವುದು ನಿಂತಿದೆ. ಆ ಕಡತ ವ್ಯಾಪಾರ ಸಮಿತಿಗೆ ಹೋಗಿದೆ ಅಂತ ಲಿಖಿತ ಉತ್ತರ ಬಂತು. ಫುಟ್‌ಪಾತಿನ ಅರ್ಜಿಗೆ ಅಂದಾಜು ಪಟ್ಟಿ ಮಾಡುತ್ತಿದ್ದೇವೆ ಅನ್ನುವ ಮಾತಷ್ಟೇ ಬಂದಿದೆ. ಅದರ ಹಿಂದೆ ಓಡಾಟ ನಡೆದೇ ಇದೆ.

ಹೊಸ ಐದು ಪಾಲಿಕೆಗಳು ಈಗ ತಮ್ಮ ರೀತಿನೀತಿ ಬರೆದುಕೊಳ್ಳುತ್ತಿರುವ ಹೊತ್ತು. 2025ರಲ್ಲಿ ವಾರ್ಡುಗಳ ಗಡಿಯ ಕರಡು ಪ್ರಕಟಿಸಿ, ಜನರ ಆಕ್ಷೇಪಣೆ ಕೇಳಿ, ಆಮೇಲೆ ಅಂತಿಮ ಮಾಡಿದರು. ಜನರ ಅಭಿಪ್ರಾಯ ಕೇಳುವ ಪ್ರಶ್ನೆಗೂ ಅದೇ ದಾರಿ ಯಾಕಿರಬಾರದು? ಕರಡು ಪ್ರಶ್ನೆಯನ್ನು ವಾರ್ಡ್ ಕಚೇರಿಯ ಬೋರ್ಡಿಗೆ ಹಚ್ಚಲಿ. ಈ ವಾಕ್ಯ ಒಂದು ಕಡೆ ವಾಲಿದೆ ಅನ್ನುವವರಿಗೆ ಹೇಳಲು ಒಂದು ವಾರ ಕೊಡಲಿ. ಸಹಿ ಹಿಂದೆ ಪಡೆಯುವ ಪತ್ರ ಬಂದರೆ ಅದನ್ನು ಏನು ಮಾಡಬೇಕು ಅಂತ ಟಪಾಲಿನವರಿಗೆ ಒಂದು ಸುತ್ತೋಲೆ ಇರಲಿ. ಅರ್ಜಿಗೆ ಇಷ್ಟು ದಿನದಲ್ಲಿ ಉತ್ತರ ಅಂತ ಇರಲಿ. ಇದಕ್ಕೆ ಖರ್ಚು ಹೆಚ್ಚಿಲ್ಲ. ಈ ಎಲ್ಲ ಮಾತನ್ನೂ ಒಂದು ಪುಟದಲ್ಲಿ ಬರೆದು ನಮ್ಮ ಪಾಲಿಕೆಗೆ ಕಳಿಸಿದ್ದೇನೆ.

ಅಲ್ಲಿಯವರೆಗೆ ನಿಮ್ಮ ರಸ್ತೆಯಲ್ಲಿ ಸಹಿ ಸಂಗ್ರಹ ಮಾಡುವುದಿದ್ದರೆ, ನಮ್ಮ ಹಾಳೆಯ ತಲೆಬರಹವನ್ನು ಹಾಗೇ ತೆಗೆದುಕೊಳ್ಳಿ. ಇದು ಪ್ರತಿ ಹಾಳೆಯ ಮೇಲೂ ಇರಬೇಕು, ಮೊದಲ ಹಾಳೆಯಲ್ಲಿ ಮಾತ್ರ ಅಲ್ಲ.

"ಈ ಅರ್ಜಿ ಒಂದೇ ವಿಷಯಕ್ಕೆ: ನಮ್ಮ ಕ್ರಾಸಿನ ಫುಟ್‌ಪಾತಿನ ಒಡೆದ ಚಪ್ಪಡಿಗಳನ್ನು ಬದಲಾಯಿಸಬೇಕು. ಬೇರೆ ಯಾವ ಬೇಡಿಕೆಗೂ ಈ ಸಹಿಗಳನ್ನು ಬಳಸಬಾರದು. ಪೂರ್ತಿ ಪತ್ರ ಈ ಹಾಳೆಯ ಹಿಂಬದಿಯಲ್ಲಿದೆ, ಓದಿ ಅಥವಾ ಓದಿಸಿಕೊಂಡು ಸಹಿ ಹಾಕಿ. ಹೆಸರು ಮತ್ತು ತಾರೀಖನ್ನು ಆದಷ್ಟು ನಿಮ್ಮ ಕೈಯಲ್ಲೇ ಬರೆಯಿರಿ. ಅರ್ಜಿ ಸಲ್ಲಿಸುವ ದಿನ ಕೆಳಗೆ ಬರೆದಿದೆ. ಅದರ ಹಿಂದಿನ ದಿನದ ತನಕ ನಿಮ್ಮ ಸಹಿಯನ್ನು ಹೊಡೆದುಹಾಕಿಸಬಹುದು, ಕಾರಣ ಹೇಳಬೇಕಾಗಿಲ್ಲ. ಈ ಹಾಳೆಯಲ್ಲಿ ಸಹಿ ಸಂಗ್ರಹಿಸಿದವರ ಹೆಸರು ಮತ್ತು ಸಹಿ: ______"